ಅರಿಶಿನದ ಎರಡೆಳೆ

ಚುನಾವಣೆಗೆ ಮುಂಚೆ ಸೇಲಂನಲ್ಲಿ ಕನ್ನಡ ಮಾತಾಡುವ ನೇಕಾರರ ನಮ್ಮ ಬೀದಿಯಲ್ಲಿ ಮಗ್ಗಗಳ ಸದ್ದೇ ಅಡಗಿತ್ತು. ಆಗ ಬೈಕಿನಲ್ಲಿ ಒಬ್ಬ ಬಂದ. ಹೆಗಲ ಮೇಲೆ ಹಾಕಿಕೊಳ್ಳುವ ತುಂಡು ಬೇಕು, ಒಂದು ಪಕ್ಷದ ಬಣ್ಣದ ಅಂಚಿರಬೇಕು, ನೂಲು ನಾನೇ ತರುತ್ತೇನೆ ಅಂದ. ಪಕ್ಷದವನೇ ಎಂದು ಕೇಳಿದರೆ ಅಲ್ಲ, ಯಾರೋ ಹಿತೈಷಿಗಳು ಮಾಡಿಸುತ್ತಿದ್ದಾರೆ ಅಂದ. ಬಿಲ್ಲಿಲ್ಲ, ರಸೀದಿಯಿಲ್ಲ. ಒಂದೇ ಷರತ್ತು: ಬಟ್ಟೆಯಲ್ಲಿ ಯಾವ ಗುರುತೂ ಇರಕೂಡದು.

ನನಗೆ ಸರಿಬರಲಿಲ್ಲ. "ಯಾರಪ್ಪಾ ಅವ್ರು ಹಿತೈಷಿಗಳು?" ಅಂದೆ.

"ಮಗ್ಗ ಆಡ್ತೈತಲ್ಲ, ಸುಮ್ನಿರವ್ವಾ" ಅಂದರು ಅಪ್ಪ.

ನಮ್ಮ ಬೀದಿಯಲ್ಲಿ ಮನೆಗೊಂದು ಗುರುತುಂಟು. ಬಟ್ಟೆ ಮುಗಿಯುವ ಕಡೆ ಆ ಮನೆಯ ಬಣ್ಣದ ಎಳೆ ಹಾಯಿಸಿಯೇ ಕತ್ತರಿಸುವುದು. ಯಾರ ಕೈಯ ನೇಯ್ಗೆ ಎಂದು ತಿಳಿಯಲಿ ಅಂತ ಹಿಂದಿನವರು ಮಾಡಿಕೊಂಡದ್ದು. ನಮ್ಮದು ಅರಿಶಿನ ಬಣ್ಣದ ಎರಡೆಳೆ. ಅಪ್ಪ ಬಾಯಲ್ಲಿ ಷರತ್ತು ಒಪ್ಪಿದರು, ಕೈ ಮಾತ್ರ ತನ್ನ ಪಾಡಿಗೆ ತಾನು ಎಳೆ ಹಾಕುತ್ತಲೇ ಹೋಯಿತು. ತುಂಡುಗಳನ್ನು ಮಡಿಸಿ ಕಟ್ಟಿದವಳು ನಾನು. ನನಗೂ ಕಾಣಲಿಲ್ಲ, ಕಣ್ಣಿಗೆ ಅಷ್ಟು ರೂಢಿಯಾಗಿತ್ತು.

ಶಂಕಗಿರಿ ಹತ್ತಿರ ಚುನಾವಣಾ ಖರ್ಚಿನ ಅಧಿಕಾರಿಗಳು ಲಾರಿ ತಡೆದು ಬಿಲ್ಲಿಲ್ಲದ ಆ ಕಟ್ಟುಗಳನ್ನು ಹಿಡಿದರು. ಯಾವ ಅಭ್ಯರ್ಥಿಯೂ ನನ್ನದು ಎನ್ನಲಿಲ್ಲ. ಮೂರನೆಯ ದಿನ ಬೆಳಿಗ್ಗೆ ಒಬ್ಬ ಅಧಿಕಾರಿ, ಇಬ್ಬರು ಪೊಲೀಸರು ಒಂದು ತುಂಡು ಹಿಡಿದುಕೊಂಡು, ಎಳೆಯ ಗುರುತು ವಿಚಾರಿಸುತ್ತ ನಮ್ಮ ಬೀದಿಗೇ ಬಂದರು. ಮನೆಮನೆಯ ಮುಂದೆ ಅದನ್ನು ಬಿಡಿಸಿ ಆ ಎಳೆಗಳನ್ನು ತೋರಿಸುತ್ತಿದ್ದರು. ಬೈಕಿನವನಿಗೆ ಫೋನ್ ಮಾಡಿದೆ, ಸ್ವಿಚ್ ಆಫ್. ಈ ವಯಸ್ಸಿನಲ್ಲಿ ಅಪ್ಪನನ್ನು ಸ್ಟೇಷನ್ನಿಗೆ ಎಳೆದುಕೊಂಡು ಹೋದರೆ? ಮಗ್ಗ ಬಿಚ್ಚಿಕೊಂಡು ಹೋದರೆ?

ಎದುರು ಮನೆಯ ಅಜ್ಜಿ ನಲವತ್ತು ವರ್ಷದಿಂದ ಆ ಎಳೆ ಕಂಡವಳು. ತುಂಡನ್ನು ಹಿಂದೆ ಮುಂದೆ ತಿರುಗಿಸಿ, "ತೆರಿಯಾದು ಸಾರ್" ಎಂದು ಏನೂ ಗೊತ್ತಿಲ್ಲದವಳ ಹಾಗೆ ಒಳಗೆ ಹೋದಳು. ಬೀದಿಗೆ ಬೀದಿಯೇ ಅದನ್ನೇ ಹೇಳಿತು.

"ಅಪ್ಪಾ, ನಮ್ದಲ್ಲ ಅಂದ್ಬಿಡು. ನಿನ್ ಕಾಲಿಗ್ ಬೀಳ್ತೀನಿ" ಅಂದೆ.

ಅಧಿಕಾರಿ ನಮ್ಮ ಜಗಲಿಯ ಮೇಲೆ ತುಂಡು ಹರಡಿದರು. ಅವರು ಕೇಳುವ ಮೊದಲೇ ನಾನು ತಮಿಳಿನಲ್ಲಿ ನಮ್ಮದಲ್ಲ ಅಂದೆ. ಅಪ್ಪ ಎಳೆಗಳ ಮೇಲೆ ಹೆಬ್ಬೆರಳು ಆಡಿಸಿ, ತಮಿಳಿನಲ್ಲೇ, ನಮ್ಮದೇ ಅಂದರು. ಆಮೇಲೆ ನನ್ನ ಕಡೆ ತಿರುಗಿ ಮೆಲ್ಲಗೆ, "ನೇಯ್ದಿದ್ನ ಇಲ್ಲ ಅನ್ನಾಕ್ ಆಗ್ತೈತೇನವ್ವಾ?" ಎಂದರು. ನನಗೆ ಮೈಯೆಲ್ಲ ಉರಿದುಹೋಯಿತು. ಆ ಸಿಟ್ಟು ಈಗಲೂ ಪೂರ್ತಿ ಇಳಿದಿಲ್ಲ.

ನೇಯಿಸಿದವರು ಯಾರು ಎಂದು ಅಧಿಕಾರಿ ಕೇಳಿದರು. ಅಪ್ಪ ತಮ್ಮ ಹತ್ತಿರ ಇದ್ದದ್ದೆಲ್ಲ ಕೊಟ್ಟರು: ಒಂದು ಬೈಕು, ಸತ್ತುಹೋದ ಫೋನ್ ನಂಬರು, ಹಿತೈಷಿಗಳು ಎಂಬ ಮಾತು. ಅಧಿಕಾರಿ ನಿಟ್ಟುಸಿರು ಬಿಟ್ಟು ಬರೆದುಕೊಂಡು ಓದಿ ಹೇಳಿದರು. ನೇಯ್ದವರು ಎಂಬಲ್ಲಿ ಅಪ್ಪನ ಹೆಸರು, ತಾತನ ಹೆಸರು, ಬೀದಿ, ಬಾಗಿಲ ನಂಬರು. ಖರ್ಚು ಮಾಡಿದವರು ಎಂಬಲ್ಲಿ, ತಿಳಿದಿಲ್ಲ. ಅಪ್ಪ ಸಹಿ ಹಾಕಿದರು. ಮಗ್ಗ ಉಳಿಯಿತು.

ಚುನಾವಣೆ ಮುಗಿಯಿತು, ಗೆದ್ದವರು ಗೆದ್ದರು. ತಾಲೂಕು ಆಫೀಸಿನಿಂದ ವಿಚಾರಣೆಗೆ ಇನ್ನೂ ಕರೆ ಬರುತ್ತದೆ. ಅಪ್ಪನನ್ನು ಟೌನ್ ಬಸ್ಸಿನಲ್ಲಿ ಕರೆದುಕೊಂಡು ಹೋಗುತ್ತೇನೆ, ವರಾಂಡದ ಬೆಂಚಿನಲ್ಲಿ ಕೂತು ಕಾಯುತ್ತೇವೆ. ಆ ತುಂಡಿನ ವಿಷಯಕ್ಕೆ ಅಲ್ಲಿಗೆ ಬಂದು ಕೂತವರು ಇವತ್ತಿನವರೆಗೆ ನಾವಿಬ್ಬರೇ.