ಗಾರೆಗೆ ಹಾಕಿದ ಬೆಲ್ಲ

ಎರಡನೇ ಮಹಾಯುದ್ಧದ ವರ್ಷಗಳಲ್ಲಿ ನಾವು ಶಿವಮೊಗ್ಗದ ಸವಳಂಗ ರಸ್ತೆಯ ಬದಿಯಲ್ಲಿ ಮನೆ ಕಟ್ಟಿಸಿದೆವು. ನನ್ನ ಯಜಮಾನರು ಭದ್ರಾವತಿಯ ಕಾರ್ಖಾನೆಯಲ್ಲಿ ಗುಮಾಸ್ತರು. ಬೆಳಗಿನ ರೈಲಿಗೆ ಹೋದರೆ ತಿರುಗಿ ಬರುತ್ತಿದ್ದದ್ದು ದೀಪ ಹಚ್ಚುವ ಹೊತ್ತಿಗೆ. ಹಾಗಾಗಿ ಕೆಲಸ ನೋಡಿಕೊಳ್ಳುವುದು ನನ್ನ ಪಾಲಿಗೆ ಬಂತು.

"ಸಿಮೆಂಟು ಈಗ ಸಿಗಲ್ಲ, ಸುಣ್ಣದ ಗಾರೇಲೇ ಕಟ್ಟಿಸ್ಬೇಕು. ಗಾರೇಲಿ ಏನು ಬೆರೆಸಿದ್ರೂ ಗೊತ್ತಾಗಲ್ಲ ಮಾರಾಯ್ತಿ, ಕಣ್ಣಿಟ್ಟಿರು," ಎಂದಿದ್ದರು.

ಕಣ್ಣಿಟ್ಟೆ. ಆದರೆ ಏನನ್ನು ನೋಡಬೇಕೆಂಬುದೇ ನನಗೆ ತಿಳಿಯದು. ನಾನು ಹುಟ್ಟಿದ್ದು ಹೊಳಲೂರಿನ ಮಣ್ಣುಗೋಡೆಯ ಮನೆಯಲ್ಲಿ. ಅಲ್ಲಿ ಗೋಡೆ ಎಂದರೆ ಮಣ್ಣು, ಹುಲ್ಲು, ನೀರು. ಮೂರನ್ನೂ ನಾನೇ ತುಳಿದು ಕಲಸಿದ್ದೆ. ಇಲ್ಲಿ ಮೇಸ್ತ್ರಿಯ ಬಾಯಿಂದ ಬರುವ ಒಂದೊಂದು ಮಾತೂ ಹೊಸದು. ಅವನು ತಮಿಳಿನವನು. ಭದ್ರಾವತಿಯಲ್ಲಿ ಕಾರ್ಖಾನೆಯ ಕಟ್ಟಡಗಳು ಏಳುವಾಗ ಬಂದು ಅಲ್ಲೇ ನಿಂತವನು. ಅವನ ಜೊತೆಗೆ ಅವನ ಅಕ್ಕ ಬರುತ್ತಿದ್ದಳು. ಐವತ್ತರ ಹತ್ತಿರದ, ಮಾತು ಕಡಿಮೆಯ ಹೆಂಗಸು. ಗಾರೆ ತುಳಿದು ಕಲಸಿ ಕೊಡುವುದು ಅವಳ ಕೆಲಸ.

ಅವನು ಗೋಡೆಯ ಮೇಲೆ ನಿಂತು ಗಳಿಗೆಗೊಮ್ಮೆ "ಕಲವೈ!" ಎಂದು ಕೂಗುತ್ತಿದ್ದ. ಅವಳು ಬುಟ್ಟಿ ಹೊತ್ತುಕೊಂಡು ಓಡುತ್ತಿದ್ದಳು. ಆ ಶಬ್ದ ನನ್ನ ಕಿವಿಗೆ ಕಲಬೆರಕೆ ಎಂದೇ ಬಿತ್ತು. ಹತ್ತಿರ ಹೋಗಿ ನೋಡಿದರೆ, ಸುಣ್ಣಕ್ಕೆ ಎಂಥದೋ ಕೆಂಪು ಪುಡಿ ಸುರಿಯುತ್ತಿದ್ದಾಳೆ.

"ಇದೇನು, ಮಣ್ಣು ಬೆರೆಸ್ತಿದೀರಲ್ಲ?"

"ಸುರ್ಕಿ ಅಮ್ಮಾ. ಸುಟ್ಟ ಇಟ್ಟಿಗೆ ಪುಡಿ," ಎಂದ ಮೇಸ್ತ್ರಿ ಮೇಲಿನಿಂದಲೇ. "ಅದಿಲ್ದೆ ಸುಣ್ಣ ಹಿಡಿಯಲ್ಲ. ಎಲ್ಲ ಸೇರ್ಸಿ ಕಲಸಿದ್ರೆ ಅದೇ ಕಲವೈ."

ಅವನು ಹೇಳಿದ್ದು ನಿಜವಿರಬಹುದು, ಇಲ್ಲದೆಯೂ ಇರಬಹುದು. ಚಿಟಿಕೆ ಪುಡಿಯನ್ನು ಸೆರಗಿನಲ್ಲಿ ಕಟ್ಟಿಕೊಂಡು ಹೋಗಿ ಸಂಜೆ ಯಜಮಾನರಿಗೆ ತೋರಿಸಿದೆ. ಅವರಿಗೂ ಗೊತ್ತಾಗಲಿಲ್ಲ. ಗೊತ್ತಾಗಲಿಲ್ಲ ಎಂದು ಒಪ್ಪಿಕೊಳ್ಳಲೂ ಇಲ್ಲ.

ತಾರಸಿಯ ಗಾರೆಗೆ ಅಳಲೆಕಾಯಿ ನೆನೆಸಿದ ನೀರೂ ಬೆಲ್ಲವೂ ಬೇಕೆಂದಾಗ ನನ್ನ ಅನುಮಾನ ಬೆಳೆಯಿತು. ಸುಣ್ಣಕ್ಕೆ ಬೆಲ್ಲವೇ? ದಿನಾ ಬೆಳಿಗ್ಗೆ ನಾಲ್ಕು ಅಚ್ಚು ಬೆಲ್ಲ ಕೊಡುತ್ತಿದ್ದೆ. ಸಂಜೆ ಆ ಅಕ್ಕ ಮನೆಗೆ ಹೊರಡುವಾಗ ಬಟ್ಟೆ ಕಟ್ಟಿದ ಒಂದು ಸಣ್ಣ ಮಡಕೆ ಅವಳ ಕಂಕುಳಲ್ಲಿರುತ್ತಿತ್ತು. ಮೂರು ಸಂಜೆ ನೋಡಿದೆ. ಮೂರು ಸಂಜೆಯೂ ಮಡಕೆ ಹೋಯಿತು. ನಾಲ್ಕನೆಯ ಸಂಜೆ ದಾರಿಗೆ ಅಡ್ಡ ನಿಂತೆ.

"ಮಡಕೇಲಿ ಏನು?"

"ನೀರು ಅಮ್ಮಾ."

"ನೀರನ್ನ ಇಲ್ಲಿಂದ ಭದ್ರಾವತಿಗೆ ಹೊರ್ತಾರಾ? ಬಿಚ್ಚು."

ಅವಳು ತಮ್ಮನ ಕಡೆ ನೋಡಿದಳು. ಅವನು ಮುಖ ತಿರುಗಿಸಿದ. ಅವಳು ಬಟ್ಟೆ ಬಿಚ್ಚಿದಳು. ಒಳಗಿದ್ದದ್ದು ಕಪ್ಪು ಬಣ್ಣದ ನೀರು. ನಾನು ಬೆರಳದ್ದಿ ನಾಲಿಗೆಗೆ ಹಚ್ಚಿಕೊಂಡೆ. ಬಾಯೆಲ್ಲ ಒಗರಾಯಿತು, ಸಿಹಿ ಒಂದಿಷ್ಟೂ ಇಲ್ಲ. ಬರೀ ಅಳಲೆಕಾಯಿ ನೀರು.

ಅವಳು ಸೀರೆಯನ್ನು ಗೇಣುದ್ದ ಎತ್ತಿ ನಿಂತಳು. ಪಾದಗಳನ್ನು ಸುಣ್ಣ ತಿಂದಿತ್ತು. ಬೆರಳುಗಳ ಸಂದು ಬಿರಿದು ಕೆಂಪಗಿತ್ತು.

"ರಾತ್ರಿ ಇದ್ರಲ್ಲೇ ಕಾಲು ತೊಳ್ಕಳ್ಳದು ಅಮ್ಮಾ, ಹುಣ್ಣು ಒಣಗ್ತದೆ. ಉಳಿದ ನೀರು ಚೆಲ್ಲೋದೇ ಅಲ್ವಾ, ಅಂತ ತಗಂಡೆ," ಎಂದಳು.

ನಾನು ದಾರಿ ಬಿಟ್ಟೆ. ಅಂಥ ಹೊತ್ತಿನಲ್ಲೂ, ಹಾಗಾದರೆ ಬೆಲ್ಲ ಎಲ್ಲಿ ಹೋಗುತ್ತಿದೆ ಎಂದೇ ಯೋಚಿಸಿದ್ದೆ. ಈಗಲೂ ನಾಚಿಕೆಯಾಗುವುದು ಅದಕ್ಕೆ.

ಮರುದಿನ ಅವಳು ಬರಲಿಲ್ಲ. ಅದರ ಮರುದಿನವೂ ಇಲ್ಲ. ಮೇಸ್ತ್ರಿಯನ್ನು ಕೇಳಿದರೆ "ಕಾಲು ನೋವು" ಎಂದಷ್ಟೇ ಹೇಳಿ ತಾನೇ ಗಾರೆ ತುಳಿಯಲು ಇಳಿದ. ಮೂರನೆಯ ದಿನ ಯಜಮಾನರ ಜೊತೆ ನಾನೂ ರೈಲು ಹತ್ತಿದೆ. ಮಲವಗೊಪ್ಪ ದಾಟುವವರೆಗೂ ಅವರು, "ಕೂಲಿಯವಳ ಮನೆಗೆ ಯಾಕೆ ಹೋಗ್ತೀಯ?" ಎಂದು ಕೇಳುತ್ತಲೇ ಇದ್ದರು.

ಭದ್ರಾವತಿಯಲ್ಲಿ ಇಳಿದು ಕೇಳುತ್ತ ಹೋದಾಗ ಅವಳ ಗುಡಿಸಲು ಸಿಕ್ಕಿತು. ಹೊಸ್ತಿಲಲ್ಲಿ ಕಾಲು ಚಾಚಿಕೊಂಡು ಕೂತಿದ್ದವಳು ನನ್ನನ್ನು ಕಂಡೊಡನೆ ಎದ್ದು ಒಳಗೆ ಹೋಗಿ, ಇದ್ದ ಮಡಕೆಗಳನ್ನೆಲ್ಲ ಒಂದೊಂದಾಗಿ ತಂದು ನನ್ನ ಮುಂದಿಟ್ಟಳು. "ನೋಡ್ಕಳ್ಳಿ ಅಮ್ಮಾ," ಎಂದಳು. ಅವಳ ದನಿಯಲ್ಲಿ ಸಿಟ್ಟೂ ಇರಲಿಲ್ಲ.

"ನೋಡೋಕೆ ಬಂದಿಲ್ಲ," ಎಂದು ತಂದಿದ್ದ ಕೊಬ್ಬರಿ ಎಣ್ಣೆಯ ಸೀಸೆ ಚಾಚಿದೆ. ಅವಳು ತಟ್ಟನೆ ತೆಗೆದುಕೊಳ್ಳಲಿಲ್ಲ. ಬಿರಡೆ ತೆಗೆದು ಮೂಸಿ, ಒಂದು ಹನಿಯನ್ನು ಮುಂಗೈಗೆ ಹಚ್ಚಿ ಉಜ್ಜಿ, ಆಮೇಲೆ ಒಳಗಿಟ್ಟಳು. "ನಾನು ಅನುಮಾನಪಟ್ಟಿದ್ದು ತಪ್ಪು. ಕೆಲಸಕ್ಕೆ ಬಾ," ಎಂದೆ. ಅವಳು ಮಡಕೆಗಳನ್ನು ಒಂದೊಂದಾಗಿ ಮತ್ತೆ ಒಳಗೆ ಒಯ್ದಿಟ್ಟಳು.

ವಾರದ ಮೇಲೆ, ತಾರಸಿಗೆ ಹಾಸಿದ ಗಾರೆಯನ್ನು ಬಡಿದು ಗಟ್ಟಿ ಮಾಡುವ ಕೆಲಸ ಶುರುವಾದ ದಿನ, ಬಂದಳು. ಕಾಲಿಗೆ ಗೋಣಿ ಸುತ್ತಿಕೊಂಡಿದ್ದಳು. ಬೆಳಿಗ್ಗೆ ನಾನು ಬೆಲ್ಲ ಕೊಟ್ಟು ತಿರುಗಿ ಹೊರಟರೆ ಕೂಗಿದಳು: "ಅಮ್ಮಾ, ಬನ್ನಿ, ಹಾಕ್ತೀನಿ ನೋಡಿ."

"ಬೇಡ, ನೀನೇ ಹಾಕು. ನಾನು ನಂಬ್ತೀನಿ."

ಅವಳು ಅಚ್ಚು ಕೈಯಲ್ಲಿ ಹಿಡಿದುಕೊಂಡು ಕಾದಳು. ಮೇಲಿಂದ ತಮ್ಮ ಕಲವೈ ಕಲವೈ ಎಂದು ಕೂಗಿದರೂ ಕದಲಲಿಲ್ಲ. ಕೊನೆಗೆ ನಾನು ಹೋಗಿ ತೊಟ್ಟಿಯ ಪಕ್ಕ ನಿಂತೆ. ನಾಲ್ಕು ಅಚ್ಚನ್ನೂ ಒಂದೊಂದಾಗಿ ನನಗೆ ತೋರಿಸಿ, ಪುಡಿಮಾಡಿ ನೀರಿಗೆ ಹಾಕಿದಳು. ತಾರಸಿ ಮುಗಿಯುವವರೆಗೂ, ಎಷ್ಟು ಬೇಡವೆಂದರೂ, ನಾನು ಬಂದು ನಿಲ್ಲುವ ತನಕ ಅವಳು ಒಂದು ದಿನವೂ ಬೆಲ್ಲ ಹಾಕಲಿಲ್ಲ.