ಕಮಾನಿನ ಮೇಲೆ ಹತ್ತು ಅಕ್ಷರ

ಬೆಳಗಿನ ಆರೂವರೆ. ಶನಿವಾರಸಂತೆಯಲ್ಲಿ ಹೊಸದಾಗಿ ಕಟ್ಟಿದ ಶಾಲೆಯ ಮುಂದೆ, ಹನ್ನೆರಡು ಅಡಿ ಎತ್ತರದ ಬಿದಿರಿನ ಸಾರುವೆಯ ಮೇಲೆ ಚನ್ನಬಸಮ್ಮ ನಿಂತಿದ್ದಾರೆ. ಬಾಗಿಲ ಕಮಾನಿನ ಮೇಲೆ ‘ಹೆಣ್ಣುಮಕ್ಕಳ ಶಾಲೆ’ ಎಂದು ಬರೆಯಬೇಕು. ಏಳು ಅಕ್ಷರಗಳಲ್ಲಿ ನಾಲ್ಕು ನಿನ್ನೆ ಸಂಜೆಯೇ ಮುಗಿದಿವೆ. ಹತ್ತು ಗಂಟೆಗೆ ಮಡಿಕೇರಿಯಿಂದ ಅಧಿಕಾರಿಗಳು ಬಂದು ಬಾಗಿಲು ತೆರೆಯುತ್ತಾರೆ.

ಅಷ್ಟರಲ್ಲಿ ಮುಖ್ಯೋಪಾಧ್ಯಾಯ ಜಯಪ್ಪ ಕಾಗದವೊಂದನ್ನು ಹಿಡಿದು ಓಡಿಬರುತ್ತಾರೆ. “ಅಮ್ಮಾ, ಮುಂದೆ ‘ಸರ್ಕಾರಿ’ ಅಂತ ಇರ್ಬೇಕಿತ್ತು. ಬರ್ದುಕೊಡೋವಾಗ ನಾನೇ ಬಿಟ್ಬಿಟ್ಟಿದೀನಿ.”

ಚನ್ನಬಸಮ್ಮ ಕುಂಚ ಕೆಳಗಿಡುತ್ತಾರೆ. “ಸೀಮೆಎಣ್ಣೆ, ಹಳೇ ಬಟ್ಟೆ ಕೊಡಿ ಮೇಷ್ಟ್ರೇ.” ಬರೆದ ನಾಲ್ಕನ್ನೂ ಉಜ್ಜತೊಡಗುತ್ತಾರೆ. ಅರ್ಧ ಒಣಗಿದ ಎಣ್ಣೆಬಣ್ಣ ಸುಲಭಕ್ಕೆ ಬಿಡುವುದಿಲ್ಲ.

ನೇರ ಹಲಗೆಯಾಗಿದ್ದರೆ ಮುಂದೆ ಮೂರಕ್ಷರ ತುರುಕಬಹುದಿತ್ತು. ಕಮಾನಿನ ಬರಹ ನೆತ್ತಿಯಿಂದ ಎರಡೂ ಕಡೆಗೆ ಸಮನಾಗಿ ಇಳಿಯಬೇಕು. ಕಮಾನಿನ ಬುಡದ ಅಡ್ಡಪಟ್ಟಿಯ ನಡುವೆ ಒಂದು ಮೊಳೆ, ಅದಕ್ಕೊಂದು ದಾರ, ತುದಿಗೆ ಸುಣ್ಣದ ಕಡ್ಡಿ. ದಾರ ಎಳೆದು ಗೆರೆ ಹಾಕಿ, ಪ್ರತಿ ಅಕ್ಷರವನ್ನೂ ದಾರದ ನೇರಕ್ಕೆ ನಿಲ್ಲಿಸುತ್ತಾರೆ.

“ಒತ್ತು ಬಂದ್ರೇ ಕಷ್ಟ. ಮೇಲೆ ಜಾಗ ಅಗಲ, ಕೆಳಗೆ ಕಿರಿದು. ಒತ್ತುಗಳು ಒಂದರ ಮೇಲೊಂದು ಬೀಳಕ್ಕೆ ನೋಡ್ತವೆ,” ಎಂದು ಪತ್ರಿಕೆಗೆ ಬರೆಯಲು ಬಂದಿರುವ ನನಗೆ ಮೇಲಿನಿಂದಲೇ ಹೇಳುತ್ತಾರೆ.

ಈ ಕೆಲಸ ಅವರ ಗಂಡ ಸಿದ್ದಬಸಪ್ಪನವರದು. ಚನ್ನಬಸಮ್ಮ ಹತ್ತು ವರ್ಷ ಬಣ್ಣ ಕಲಸಿಕೊಟ್ಟವರು. ನಾಲ್ಕು ವರ್ಷದ ಹಿಂದೆ ಅಕ್ಕಿ ಗಿರಣಿಯೊಂದರ ಗೋಡೆಯಿಂದ ಸಿದ್ದಬಸಪ್ಪ ಬಿದ್ದರು. ಬಲಗೈ ಈಗ ಭುಜದ ಮಟ್ಟಕ್ಕೂ ಏಳುವುದಿಲ್ಲ; ಅಂದಿನಿಂದ ಕುಂಚ ಚನ್ನಬಸಮ್ಮನ ಕೈಯಲ್ಲಿದೆ. “ಹೆಂಗಸು ಏಣಿ ಹತ್ತೋದಾ ಅಂತ ಕೊಟ್ಟಿದ್ದ ಹಲಗೇನೆಲ್ಲ ವಾಪಸ್ ತಗೊಂಡೋದ್ರು. ಬೇರೆ ಯಾರೂ ಬರೆಯೋರು ಸಿಗ್ಲಿಲ್ಲ, ಅವ್ರೇ ತಂದ್ರು,” ಎನ್ನುತ್ತಾರೆ. ಕೊಡಗು ಮೈಸೂರು ರಾಜ್ಯಕ್ಕೆ ಸೇರಿದ ಈ ಒಂದು ವರ್ಷದಲ್ಲಿ ಕಚೇರಿ, ಶಾಲೆಗಳ ಹಲಗೆಗಳೆಲ್ಲ ಬದಲಾಗುತ್ತಿವೆ. ನೇರ ಹಲಗೆಯಲ್ಲಿ ಅವರು ದಿನಕ್ಕೆ ನಲವತ್ತು ಅಕ್ಷರ ಬರೆಯುತ್ತಾರೆ. ಕಮಾನಿನಲ್ಲಿ ಹತ್ತಾದರೆ ಹೆಚ್ಚು.

ಇವತ್ತು ಆ ಹತ್ತಕ್ಕೆ ಇರುವುದು ಮೂರೇ ಗಂಟೆ.

ಒಂಬತ್ತೂವರೆಗೆ ಬಲತುದಿಯ ‘ಲೆ’ ಒಂದೇ ಉಳಿದಿದೆ. ಬರಹ ಉದ್ದವಾದದ್ದರಿಂದ ಅದು ಸಾರುವೆಯ ಆಚೆಗೆ ಬಿದ್ದಿದೆ. ಬಿಚ್ಚಿ ಕಟ್ಟಲು ಹೊತ್ತಿಲ್ಲ. ಚನ್ನಬಸಮ್ಮ ಎಡಗೈಯಲ್ಲಿ ಬಿದಿರು ಹಿಡಿದು ಹೊರಕ್ಕೆ ವಾಲುತ್ತಾರೆ. ಬಿದಿರು ಕಿರುಗುಟ್ಟುತ್ತದೆ. ಕೆಳಗೆ ಸಿದ್ದಬಸಪ್ಪ ಕಂಬಕ್ಕೆ ಭುಜ ಕೊಟ್ಟು ನಿಂತಿದ್ದಾರೆ.

“ಸಾಕು, ಇಳಿ,” ಎನ್ನುತ್ತಾರೆ ಅವರು.

“ಅರ್ಧ ಆಗದೆ. ಅಲ್ಲಾಡ್ಬೇಡಿ.”

ಸಂತೆಯ ಕಡೆಯಿಂದ ಜೀಪಿನ ಸದ್ದು ಕೇಳುತ್ತದೆ. ಕುಂಚ ‘ಲೆ’ಯ ಕೊನೆಯ ಸುತ್ತು ಮುಗಿಸುತ್ತದೆ. ಚನ್ನಬಸಮ್ಮ ಇಳಿದು ಮೆಟ್ಟಿಲ ಮೇಲೆ ಕುಳಿತುಬಿಡುತ್ತಾರೆ. ಜಯಪ್ಪ ಸಾರುವೆಯನ್ನು ಪಕ್ಕಕ್ಕೆ ಎಳೆಸುತ್ತಾರೆ.

ಅಧಿಕಾರಿಗಳು ಟೇಪು ಕತ್ತರಿಸಿ ಒಳಗೆ ಹೋಗುತ್ತಾರೆ. ಬರಹದ ಬಗ್ಗೆ ಯಾರೂ ಒಂದು ಮಾತೂ ಆಡುವುದಿಲ್ಲ. ಸಿದ್ದಬಸಪ್ಪ ಮಾತ್ರ ರಸ್ತೆಯಾಚೆಗೆ ಹೋಗಿ ಬಹಳ ಹೊತ್ತು ನೋಡಿ ಬರುತ್ತಾರೆ.

“ನಾನು ಬರ್ದಿದ್ರೆ ‘ಶಾ’ ಇಷ್ಟು ಚೆನ್ನಾಗಿ ಕೂರ್ತಿರ್ಲಿಲ್ಲ.”

ಕೈಗಂಟಿದ ಬಣ್ಣ ಒರೆಸುತ್ತಿದ್ದ ಚನ್ನಬಸಮ್ಮ ತಲೆ ಎತ್ತಿ ನನ್ನತ್ತ ತಿರುಗುತ್ತಾರೆ.

“ಇಷ್ಟು ವರ್ಷದಲ್ಲಿ ಇವತ್ತೇ ಇವ್ರು ಹಿಂಗಂದಿದ್ದು. ಅದನ್ನೊಂದು ಬರ್ಕೊಳಿ ಸ್ವಾಮಿ.”