ಬೆಟ್ಟದ ಗುರುತಿನ ಕ್ಯಾಮರಾ

ನಾರಿನ್ ಪೇಟೆಯ ನನ್ನ ಅಂಗಡಿಯಲ್ಲಿ ಈಗ ಫೋನಿನ ಕವರು, ಚಾರ್ಜರುಗಳು ತೂಗುತ್ತವೆ. ನೋಡಿದರೆ ಮೈ ಉರಿಯುತ್ತದೆ, ಆದರೆ ಹೊಟ್ಟೆ ಕೇಳಬೇಕಲ್ಲ. ಒಂದು ಕಾಲಕ್ಕೆ ಇದೇ ಹಲಗೆಯ ಮೇಲೆ ಪುಟ್ಟ ಪುಟ್ಟ ಕ್ಯಾಮರಾಗಳ ಸಾಲಿತ್ತು. ಗಡಿಯಾಚೆಯಿಂದ ಮೂಟೆಗಳಲ್ಲಿ ಬರುತ್ತಿದ್ದ ಹಳೆಯ ಮಾಲು. ಸೋಪಿನ ಡಬ್ಬಿ ಎಂದೇ ಎಲ್ಲರೂ ಕರೆಯುತ್ತಿದ್ದರು. ಒಂದೊಂದನ್ನೂ ಒರೆಸಿ, ರೀಲು ಹಾಕಿ ಪರೀಕ್ಷಿಸಿ ಮಾರುತ್ತಿದ್ದೆ. ಎಂಥ ಚೆಂದದ ದಿನಗಳು! ಅವನ್ನು ನೆನೆದಾಗಲೆಲ್ಲ ಮೊದಲು ಕಣ್ಣೆದುರು ಬಂದು ನಿಲ್ಲುವವನು ಕುರಿಗಾಹಿ ಕೆರಿಮ್‌ಕುಲ್.

ಬೇಸಿಗೆ ಮೇವಿಗೆ ಹಿಂಡುಗಳು ಬೆಟ್ಟ ಹತ್ತುವ ವಾರ ಅದು. ತಲೆಯ ಮೇಲೆ ಕಂಬಳಿಯ ಚೂಪು ಟೊಪ್ಪಿ, ಕಾಲಲ್ಲಿ ಮೊಣಕಾಲುದ್ದದ ಬೂಟು. ಬಂದವನೇ ಹಲಗೆಯ ಮೇಲೆ ಕಣ್ಣಾಡಿಸಿದ.

"ತಂಗೀ, ಬೆಟ್ಟದ ಫೋಟೋ ತೆಗೆಯೋ ಕ್ಯಾಮರಾ ಇದ್ಯಾ?"

"ಬೆಟ್ಟಕ್ಕೊಂದು, ಮನುಷ್ಯರಿಗೊಂದು ಅಂತ ಬೇರೆ ಬೇರೆ ಇರುತ್ತಾ ಬೈಕೆ? ಎಲ್ಲಾ ಒಂದೇ," ಎಂದೆ. ನಮ್ಮಲ್ಲಿ ಹಿರಿಯ ಗಂಡಸರೆಲ್ಲ ಬೈಕೆ, ಅಂದರೆ ಅಣ್ಣ.

"ಒಂದೇ ಆದ್ರೆ ಇಷ್ಟೊಂದು ಯಾಕೆ ಹರಡ್ಕೊಂಡು ಕೂತಿದ್ದೀಯ?"

ನನಗೆ ರೇಗಿತು, ನಗುವೂ ಬಂತು. ನಮ್ಮ ಕಡೆ ರೀಲು ಇರುವುದು ಮದುವೆಗೆ, ಮಗುವಿಗೆ, ಹೆಚ್ಚೆಂದರೆ ಗೆದ್ದ ಕುದುರೆಗೆ. ಜನರಿಲ್ಲದ ಜಾಗದ ಮೇಲೆ ರೀಲು ಸುಡುವವನಿಗೆ ತಲೆ ಕೆಟ್ಟಿದೆ ಎಂದೇ ಅರ್ಥ. ಯಾಕೆ ಬೇಕು ಎಂದು ಕೇಳಿದೆ. ಮುದುಕ ಕ್ಯಾಮರಾಗಳ ಕಡೆಗೇ ನೋಡುತ್ತ ಹೇಳಿದ.

"ನನ್ನ ಹೆಂಡ್ತಿ ಸಾಲ್ಕಿನ್‌ಗೆ ಹೃದಯ ಸೋತಿದೆಯಂತೆ. ಎತ್ತರಕ್ಕೆ ಹೋದ್ರೆ ಉಳಿಯಲ್ಲ ಅಂದ್ರು ಡಾಕ್ಟ್ರು. ಮದ್ವೆಯಾಗಿ ಬಂದಾಗಿಂದ ಒಂದು ಬೇಸಿಗೇನೂ ತಪ್ಪಿಸಿದವಳಲ್ಲ. ಕಣ್ಣು ಮುಚ್ಚೋ ಮುಂಚೆ ನಮ್ಮ ಡೇರೆ ಜಾಗ ಒಂದ್ಸಲ ನೋಡ್ಬೇಕು ಅಂತಾಳೆ. ಅವಳನ್ನ ಮೇಲಕ್ಕೆ ಒಯ್ಯೋಹಾಗಿಲ್ಲ. ಅದಕ್ಕೇ ಜಾಗಾನೇ ಕೆಳಗೆ ತರೋಣ ಅಂತ."

ಆಮೇಲೆ ನಾನು ತಮಾಷೆ ಮಾಡಲಿಲ್ಲ. ಬೆಲೆ ಕೇಳಿದಾಗ ಮಾತ್ರ ಅವನ ಕುರಿ-ದನದ ಲೆಕ್ಕದಲ್ಲೇ ಹೇಳಿದೆ.

"ಆ ಕಪ್ಪಗಿರೋದು ಹಸು. ಇವೆರಡೂ ಕುರಿ. ಮೂಲೇಲಿರೋದು ಕೋಳಿ."

"ಸಂತೆಗೆ ಹೊಡ್ಕೊಂಡು ಬಂದಿರೋದು ಒಂದು ಕುರಿ. ಹಸು ಎತ್ತಿಡು," ಎಂದ.

ಎರಡು ಕುರಿಗಳಲ್ಲಿ ಮೊದಲನೆಯದು ಜೂಮಿನದು, ಗುಂಡಿ ಒತ್ತಿದರೆ ಮೂತಿ ಮುಂದೆ ಚಾಚುತ್ತಿತ್ತು. ಅದನ್ನೇ ಹೊಗಳಿದೆ. "ನೋಡಿ, ಬೆಟ್ಟ ಹತ್ತಿರ ಬರುತ್ತೆ."

"ಹತ್ತಿರ ತಂದು ಏನ್ಮಾಡ್ಲಿ? ನಾನೇ ಅಲ್ಲಿರ್ತೀನಲ್ಲ. ನನಗೆ ಅಗಲ ಬೇಕು. ಹಳ್ಳ, ಹುಲ್ಲು, ಹಿಂದಿನ ಬೆಟ್ಟ, ಎಲ್ಲಾ ಒಟ್ಟಿಗೆ ಹಿಡೀಬೇಕು."

ಎರಡನೆಯದು ಜೂಮಿಲ್ಲದ, ಅಗಲ ನೋಟದ ಪುಟ್ಟ ಕ್ಯಾಮರಾ. ಅದನ್ನು ಹಿಡಿದು ಪೇಟೆಯ ಹಿಂದಿನ ಗುಡ್ಡದ ಎದುರು ನಿಂತ. ಇಷ್ಟಿಷ್ಟೇ ಹಿಂದೆ ಸರಿಯುತ್ತ ಹೋಗಿ ಕಲ್ಲಂಗಡಿ ಮಾರುವವಳ ರಾಶಿಗೆ ತಾಗಿದ. ಅವಳು ಅವನ ಏಳು ತಲೆಮಾರನ್ನೂ ಬೈಯುತ್ತಿದ್ದರೂ ಕಣ್ಣು ತೆಗೆಯಲಿಲ್ಲ. "ಈ ತುದಿಯಿಂದ ಆ ತುದಿಗೆ ಹಿಡಿಯುತ್ತೆ!" ಎಂದು ಕೂಗಿದ. ಆಮೇಲೆ ಕ್ಯಾಮರಾವನ್ನು ಬೂಟಿನೊಳಗೆ ತೂರಿಸಿ ನಾಲ್ಕು ಹೆಜ್ಜೆ ನಡೆದು ನೋಡಿದ. ಕುದುರೆಯ ಮೇಲೆ ಹೋಗುವವನಿಗೆ ಬೂಟೇ ಚೀಲ. ಕೊನೆಗೆ ಅದರ ನೆತ್ತಿಯ ಮೇಲೆ ಬೆರಳಿಟ್ಟ. ಅಲ್ಲೊಂದು ಸಣ್ಣ ಗುಂಡಿ, ಅದರ ಮೇಲೆ ಎರಡು ಶಿಖರಗಳ ಚಿತ್ರ.

"ಎಲ್ಲಾ ಒಂದೇ ಅಂದ್ಯಲ್ಲ ತಾಯಿ, ಇಲ್ಲಿ ಬೆಟ್ಟಾನೇ ಬರೆದಿದ್ದಾರೆ!"

"ದೂರದ್ದು ತೆಗೆಯುವಾಗ ಮಾತ್ರ ಅದನ್ನ ಒತ್ತಿ," ಎಂದೆ. "ಸೂರ್ಯ ನಿಮ್ಮ ಬೆನ್ನಿಗಿರಲಿ." ಒಂದೇ ಒಂದು ರೀಲು ಕೊಂಡು ಬೆಟ್ಟ ಹತ್ತಿದ.

ಹಿಂಡುಗಳು ಇಳಿದ ಮೇಲೆ ಬಂದ, ಮುಖ ಸಪ್ಪೆಯಾಗಿತ್ತು. ಕ್ಯಾಮರಾ ಇರುವ ಸುದ್ದಿ ಮೇಲಿನ ಡೇರೆಗಳಿಗೆಲ್ಲ ಹಬ್ಬಿತ್ತಂತೆ. ಹೋದಹೋದಲ್ಲಿ ಕುದುರೆ ಹಾಲಿನ ಕುಮಿಸ್ ಬಟ್ಟಲು ಕೈಗಿಟ್ಟು ಮನೆಮಂದಿಯೆಲ್ಲ ಎದುರು ಸಾಲಾಗಿ ನಿಲ್ಲುತ್ತಿದ್ದರಂತೆ. ಕುಮಿಸ್ ಕುಡಿದವನು ಇಲ್ಲ ಎನ್ನುವುದುಂಟೇ? ಹಾಗೆಂದು ಕುಡಿಯದೆ ಬರುವುದಾದರೂ ಉಂಟೇ? ರೀಲೆಲ್ಲ ಹಾಗೇ ಖಾಲಿ.

"ಕೊನೇದೊಂದನ್ನ ಜಗಳಾಡಿ ಉಳಿಸ್ಕೊಂಡೆ," ಎಂದ. "ತೊಳೆಸಿ ಕೊಡು ಬೇಗ. ಅವಳೀಗ ಹಾಸಿಗೆ ಬಿಟ್ಟು ಏಳ್ತಿಲ್ಲ."

ಫೋಟೋಗಳು ಬಂದಾಗ ನಾನು ತಲೆ ಚಚ್ಚಿಕೊಂಡೆ. ಎಲ್ಲರ ಬೆನ್ನ ಹಿಂದೆಯೂ ಬೆಟ್ಟ ಇದೆಯಲ್ಲ ಎಂದು ಮುದುಕ ಪ್ರತಿಸಲವೂ ಆ ಗುಂಡಿ ಒತ್ತಿದ್ದ. ಹತ್ತಿರ ನಿಂತವರ ಮುಖಗಳೆಲ್ಲ ಮಂಜು ಮಂಜು, ಹಿಂದಿನ ಕಲ್ಲು ಬಂಡೆಗಳು ಮಾತ್ರ ಕೆತ್ತಿಟ್ಟಷ್ಟು ಸ್ಪಷ್ಟ. ಒಬ್ಬ ನವವಧುವಿಗೆ ಮೂಗೇ ಇರಲಿಲ್ಲ. ಅವಳ ಅತ್ತೆ ನನ್ನ ಅಂಗಡಿಗೇ ಬಂದು ಜಗಳ ತೆಗೆದಳು.

ಕೊನೆಯ ಫೋಟೋದಲ್ಲಿ ಜನರಿರಲಿಲ್ಲ. ಡೇರೆ ಬಿಚ್ಚಿ, ಒಲೆಯ ಬೂದಿ ಹೂತು, ಎಲ್ಲರೂ ಹೊರಟ ಮೇಲಿನ ಬಯಲು. ಹಳ್ಳ, ಹುಲ್ಲು, ಹಿಮದ ಶಿಖರ, ಎಲ್ಲ ಒಟ್ಟಿಗೆ. ನಡುವೆ ಬೇಸಿಗೆಯಿಡೀ ಡೇರೆ ನಿಂತು ಹಳದಿಯಾದ ಹುಲ್ಲಿನ ಒಂದು ದುಂಡು. ಎಷ್ಟು ಚೆನ್ನಾಗಿ ಬಂದಿತ್ತೆಂದರೆ ಅಂಥದ್ದನ್ನು ನಾನು ಜನ್ಮದಲ್ಲಿ ತೆಗೆದಿರಲಿಲ್ಲ. ಆದರೆ ಬೆಳಗಿನ ಸೂರ್ಯ ಬೆನ್ನಿಗಿದ್ದನಲ್ಲ, ಮುದುಕನ ನೆರಳು ಉದ್ದಕ್ಕೆ ಮುಂದೆ ಚಾಚಿ, ಚೂಪು ಟೊಪ್ಪಿಯ ತುದಿ ಆ ದುಂಡಿನ ಅಂಚಿಗೆ ಸರಿಯಾಗಿ ಮುಟ್ಟಿತ್ತು.

"ಎರಡು ಹೆಜ್ಜೆ ಪಕ್ಕಕ್ಕೆ ಸರೀಬಾರ್ದಿತ್ತಾ?" ಎಂದು ರೇಗಿದೆ.

"ಬಾಗ್ಲು ಇದ್ದಿದ್ದೇ ಆ ಕಡೆ. ಪಕ್ಕಕ್ಕೆ ಹೋದ್ರೆ ಮನೆ ಸೊಟ್ಟ ಕಾಣುತ್ತೆ."

"ಹಾಗಾದ್ರೆ ಆ ದುಂಡಿನ ಒಳಗೆ ನಿಂತಾದ್ರೂ ತೆಗೀಬೇಕಿತ್ತು."

"ಬಿಚ್ಚಿದ ಡೇರೆ ಜಾಗ ತುಳೀತಾರಾ ಯಾರಾದ್ರೂ?" ಎಂದು ನನ್ನನ್ನೇ ಗದರಿಸಿದ. ನೆರಳನ್ನು ಕತ್ತರಿಸಿ ಕೊಡುತ್ತೇನೆ ಎಂದೆ. ಸ್ವಲ್ಪ ಯೋಚಿಸಿ, ಮೊದಲು ಅವಳು ನೋಡಲಿ ಎಂದ.

ನಾನೂ ಜೊತೆಗೆ ಹೋದೆ. ಸಾಲ್ಕಿನ್ ಕಿಟಕಿಯ ಪಕ್ಕ ದಿಂಬಿಗೊರಗಿದ್ದಳು, ಮೊಣಕೈಗಳು ಕಡ್ಡಿಯಂತಾಗಿದ್ದವು. ಫೋಟೋ ಬೆನ್ನ ಹಿಂದೆ ಹಿಡಿದು, "ಎಜೆ, ಅಕ್ಕಾ, ಮೊದ್ಲು ಕೊರುಂದುಕ್ ಕೊಡಿ," ಎಂದೆ. ಹೊಸ ಸೊಸೆಯನ್ನೋ ಮಗುವನ್ನೋ ಮೊದಲ ಸಲ ನೋಡುವವರು ಕೊಡುವ ಕಾಣಿಕೆ ಅದು. ಆಕೆಗೆ ಖುಷಿಯಾಯಿತು.

"ನನ್ನ ಮುಖ ನೋಡಿ ಎಲ್ಲರೂ ಕೊರುಂದುಕ್ ಕೊಟ್ಟಿದ್ದೂ ಬೆಟ್ಟದ ಮೇಲೆ ಅದೇ ಜಾಗದಲ್ಲಿ ಕಣೆ. ಪರದೆ ಹಿಂದೆ ಗಡಗಡ ನಡುಗ್ತಾ ಕೂತಿದ್ದೆ. ಈ ಮನುಷ್ಯ ಬಾಗಿಲ ಹೊರಗೆ ನಿಂತು ಇಣುಕ್ತಿದ್ದ," ಎನ್ನುತ್ತ ದಿಂಬಿನಡಿಯಿಂದ ಒಣ ಜರ್ದಾಳು ತೆಗೆದು ನನ್ನ ಕೈಗಿಟ್ಟಳು.

ಫೋಟೋವನ್ನು ಬೆಳಕಿಗೆ ಹಿಡಿದಳು. ಹಳ್ಳದ ಮೇಲೆ, ಶಿಖರದ ಮೇಲೆ, ಹಳದಿ ದುಂಡಿನ ಸುತ್ತ ಬೆರಳು ನಿಧಾನವಾಗಿ ಓಡಾಡಿತು. ಟೊಪ್ಪಿಯ ನೆರಳಿಗೆ ಬಂದು ನಿಂತಿತು.

"ಅಯ್ಯೋ ಮುದ್ಕಾ," ಎಂದಳು ಸಾಲ್ಕಿನ್, "ಇನ್ನೂ ಬಾಗಿಲಲ್ಲೇ ನಿಂತಿದ್ದೀಯಲ್ಲೋ. ಒಳಗೆ ಬಾರೋ."

ಕೆರಿಮ್‌ಕುಲ್ ಟೊಪ್ಪಿ ತೆಗೆದು ಕೈಯಲ್ಲಿ ಮುದುರುತ್ತ ನಿಂತ. ಕತ್ತರಿಯ ಮಾತನ್ನು ನಾನು ಮತ್ತೆ ಎತ್ತಲಿಲ್ಲ. ಹಿಮ ಬೀಳುವ ಮುಂಚೆ ಆಕೆ ಹೋದಳು. ಫೋಟೋ ಕೊನೆಯವರೆಗೂ ಕಿಟಕಿಯಲ್ಲೇ ಇತ್ತಂತೆ.

ಮುಂದಿನ ವರ್ಷವೂ ಹಿಂಡುಗಳು ಇಳಿದ ಮೇಲೆ ಮುದುಕ ಬಂದ. ಬೂಟಿನಿಂದ ಕ್ಯಾಮರಾ ತೆಗೆದು ಹಲಗೆಯ ಮೇಲಿಟ್ಟ. ಈ ಸಲ ರೀಲಿನಲ್ಲಿ ಇದ್ದದ್ದು ಒಂದೇ ಫೋಟೋ. ಅದೇ ಬಯಲು, ಅದೇ ಶಿಖರ, ಅದೇ ಹಳದಿ ದುಂಡು. ಆದರೆ ದುಂಡಿನ ಈಚೆಯ ಅಂಚು ಚಿತ್ರದಲ್ಲಿರಲಿಲ್ಲ, ಮುದುಕ ಹೊಸ್ತಿಲಿದ್ದ ಜಾಗಕ್ಕೇ ಬಂದು ನಿಂತಿದ್ದ. ಬಿಸಿಲು ಏರಿತ್ತೇನೋ, ನೆರಳು ದುಂಡಿನ ಒಳಗೆ ಬಲಕ್ಕೆ ವಾಲಿ ಬಿದ್ದಿತ್ತು. ನಮ್ಮ ಡೇರೆಗಳಲ್ಲಿ ಬಲಗಡೆ ಹೆಂಗಸರದು. ಸಾಲ್ಕಿನ್ ಕೂತು ಚಹಾ ಬಗ್ಗಿಸುತ್ತಿದ್ದ ಕಡೆ.

"ತುಳಿದುಬಿಟ್ರಾ ಬೈಕೆ?" ಎಂದೆ.

"ಕರೆದಿದ್ದಳಲ್ಲ," ಎಂದ ಕೆರಿಮ್‌ಕುಲ್.